ಬಿಸಿಲುಕೋಲಿನ ಲೆಕ್ಕಾಚಾರ

ನಮ್ಮ ಕರಾವಳಿಯ ಹಳೇ ಹಂಚಿನ ಮನೆಗಳನ್ನು ನೋಡಿದವರಿಗೆ ಗಾಜಿನ ಹಂಚು ಅಂದರೇನು ಅಂತ ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳ್ತೀನಿ. ಮಂಗಳೂರು ಹಂಚಿನ ಅಳತೆಯಲ್ಲೇ ಗಾಜಿನದೊಂದು ಹಂಚು ಇರುತ್ತೆ. ಮಾಡಿನಲ್ಲಿ ಎಲ್ಲೋ ಒಂದು ಕಡೆ ಅದನ್ನು ಕೂರಿಸಿರ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದರೊಳಗಿಂದ ಕತ್ತಲೆಯ ಅಡುಗೆಮನೆಗೆ ಬಿಸಿಲು ಇಳಿಯುತ್ತೆ. ಒಲೆಯ ಹೊಗೆ ಅದರೊಳಗೆ ಸುತ್ತುತ್ತಾ ಇರುವಾಗ ಆ ಬೆಳಕಿಗೆ ಒಂದು ಆಕಾರ ಬರುತ್ತೆ, ಕೈಯಲ್ಲಿ ಹಿಡಿಯಬಹುದೇನೋ ಅನ್ನುವ ಹಾಗೆ. ಕನ್ನಡದಲ್ಲಿ ಅದಕ್ಕೆ ಬಿಸಿಲುಕೋಲು ಅನ್ನುತ್ತಾರೆ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹಂಚು ಎಲ್ಲೆಲ್ಲಿಗೋ ಹೋಯಿತು. ಜೊತೆಗೆ ಈ ಕೋಲೂ ಎಷ್ಟು ಮನೆಗಳಿಗೆ ಹೋಯಿತೋ, ಲೆಕ್ಕ ಇಟ್ಟವರಿಲ್ಲ.

ಆದರೆ ನಾನು ಬರೆಯಲು ಹೊರಟಿರೋದು ಹಂಚಿನ ಬಗ್ಗೆ ಅಲ್ಲ. ಇಂಥದ್ದೇ ಒಂದು ಬಿಸಿಲುಕೋಲನ್ನು 1959ರಲ್ಲಿ ಮುಂಬಯಿಯ ಸ್ಟುಡಿಯೋ ಒಳಗೆ ತಂದು ನಿಲ್ಲಿಸಿದ ಮೈಸೂರಿನವರೊಬ್ಬರ ಬಗ್ಗೆ. ಹೆಸರು ವಿ. ಕೆ. ಮೂರ್ತಿ. ಉಮಾ ರಾವ್ ಅವರು ಇವರ ಮೇಲೆ ಕನ್ನಡದಲ್ಲಿ ಬರೆದಿರುವ ಪುಸ್ತಕದ ಹೆಸರೂ ‘ಬಿಸಿಲುಕೋಲು’ ಅಂತಲೇ. ಸ್ಟುಡಿಯೋ ಲೈಟಿಂಗ್ ಬಗ್ಗೆ ಆಸಕ್ತಿ ಇರುವ ನಮ್ಮ ಹುಡುಗರು ಇಂಗ್ಲಿಷ್ ವಿಡಿಯೋಗಳನ್ನು ರಾತ್ರಿಯೆಲ್ಲಾ ನೋಡ್ತಾರೆ (ನಾನೂ ನೋಡ್ತೀನಿ, ಸುಳ್ಳು ಯಾಕೆ ಹೇಳಲಿ :-)). ಮೂರ್ತಿಯವರ ಹೆಸರು ಕೇಳಿದರೆ ಮಾತ್ರ ಹತ್ತರಲ್ಲಿ ಒಂಬತ್ತು ಜನ "ಯಾರು?" ಅಂತಾರೆ.

ಮೊದಲು ಆ ಶಾಟ್ ನೋಡೋಣ. ಸಿನಿಮಾ ‘ಕಾಗಜ್ ಕೆ ಫೂಲ್’, ನಿರ್ದೇಶನ ಗುರುದತ್. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಕಥೆಯಲ್ಲೂ ಒಂದು ಸಿನಿಮಾ ಸ್ಟುಡಿಯೋ ಇದೆ. ಖಾಲಿ ಸ್ಟುಡಿಯೋದಲ್ಲಿ ನಿರ್ದೇಶಕ ಮತ್ತು ನಟಿ, ಅಂದರೆ ಗುರುದತ್ ಮತ್ತು ವಹೀದಾ ರೆಹಮಾನ್, ದೂರ ದೂರ ನಿಂತಿದ್ದಾರೆ. ಗೀತಾ ದತ್ ದನಿ. ಇಬ್ಬರೂ ನಿಂತಲ್ಲಿಂದ ಕದಲುವುದಿಲ್ಲ. ಆದರೆ ಅವರ ಆತ್ಮಗಳು ಅನ್ನಬೇಕಾದಂಥ ಮಸುಕು ರೂಪಗಳು ಮೈಬಿಟ್ಟು ನಡೆದುಬಂದು ಮಧ್ಯದಲ್ಲಿ ಸೇರುತ್ತವೆ. ಆ ಮಧ್ಯದಲ್ಲಿ ಮೇಲಿನಿಂದ ನೆಲದವರೆಗೆ ಒಂದು ಬೆಳಕಿನ ಕಂಬ ಇಳಿದಿದೆ. ಸುತ್ತ ಕತ್ತಲು.

ಆ ಕಂಬ ಸ್ಟುಡಿಯೋ ದೀಪದ್ದಲ್ಲ, ನಿಜವಾದ ಬಿಸಿಲು. ಎರಡು ದೊಡ್ಡ ಕನ್ನಡಿ ಬಳಸಿದರು. ಹೊರಗಿಟ್ಟ ಒಂದು ಕನ್ನಡಿ ಬಿಸಿಲನ್ನು ಒಳಕ್ಕೆ ಎಸೆಯುತ್ತೆ, ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಅದನ್ನು ಹಿಡಿದು ಕೆಳಕ್ಕೆ ತಿರುಗಿಸುತ್ತೆ. ಬೆಳಕು ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ ಗಾಳಿಯಲ್ಲಿ ಒಂದಿಷ್ಟು ಹೊಗೆ. ಅಷ್ಟೇ. ನಮ್ಮ ಅಡುಗೆಮನೆಯ ಸಾಮಾನೇ!

ಹೇಳೋಕೆ ಅಷ್ಟೇ. ಮಾಡೋಕೆ ಎಷ್ಟು ಕಷ್ಟ ಅಂತ ಒಂದು ಭಾನುವಾರ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ? ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಅಂದರೆ ನಿಮಿಷಕ್ಕೆ ಕಾಲು ಡಿಗ್ರಿ. ಕನ್ನಡಿ ಅಲ್ಲಾಡದೆ ನಿಂತಿದ್ದರೆ ಅದರಿಂದ ಹೊರಟ ಬೆಳಕೂ ಅಷ್ಟೇ ಸರಿಯುತ್ತೆ. ಕನ್ನಡಿಯಿಂದ ಬೆಳಕು ಬೀಳುವ ಜಾಗಕ್ಕೆ 30 ಅಡಿ ಅಂತ ಇಟ್ಟುಕೊಳ್ಳಿ. ಆಗ ನಿಮಿಷಕ್ಕೆ ಒಂದೂವರೆ ಇಂಚು. ಒಂದು ಟೇಕ್ ಕೆಟ್ಟು, ಇನ್ನೊಂದಕ್ಕೆ ತಯಾರಾಗೋಕೆ ಹತ್ತು ನಿಮಿಷ ಹಿಡಿದರೆ ಕಂಬ ಒಂದೂಕಾಲು ಅಡಿ ಪಕ್ಕಕ್ಕೆ ಹೋಗಿರುತ್ತೆ. ಅಂದರೆ ಯಾರೋ ಒಬ್ಬರು ಕನ್ನಡಿಯ ಪಕ್ಕ ನಿಂತು ಕೂದಲೆಳೆಯಷ್ಟು ತಿರುಗಿಸುತ್ತಲೇ ಇರಬೇಕು. ಅದೂ ಬೆಳಕು ಎಷ್ಟು ಸರಿದಿದೆಯೋ ಅದರ ಅರ್ಧದಷ್ಟು ಮಾತ್ರ, ಯಾಕೆಂದರೆ ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತೆ. ಪಿಯುಸಿ ಫಿಸಿಕ್ಸಿನಲ್ಲಿ ಎರಡು ಮಾರ್ಕಿನ ಪ್ರಶ್ನೆ ಇದು. ನಾವು ಬಾಯಿಪಾಠ ಮಾಡಿ ಬರೆದು ಮರೆತದ್ದು.

ಇಷ್ಟೆಲ್ಲಾ ಒದ್ದಾಟ ಯಾಕೆ, ಮೇಲಿನಿಂದ ಒಂದು ದೊಡ್ಡ ದೀಪ ಹಾಕಿದ್ದರೆ ಆಗ್ತಿರಲಿಲ್ವಾ ಅಂತ ನೀವು ಕೇಳಬಹುದು. ಆಗ್ತಿರಲಿಲ್ಲ. ದೀಪದ ಬೆಳಕು ಹರಡುತ್ತೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತೆ, ಮೂರು ಪಟ್ಟಾದರೆ ಒಂಬತ್ತನೇ ಒಂದು. ಮೇಲೆ ಕಣ್ಣು ಕುಕ್ಕುವಷ್ಟು, ನೆಲದ ಹತ್ತಿರ ಮಂಕು. ಆಕಾರ ನೋಡಿದರೆ ಕೊಳವೆ ಅಲ್ಲ, ಆಲಿಕೆ. ಸೂರ್ಯನ ಮಾತು ಬೇರೆ. ಸುಮಾರು 15 ಕೋಟಿ ಕಿಲೋಮೀಟರ್ ದೂರದಿಂದ ಬಂದ ಬೆಳಕಿಗೆ ಇನ್ನೊಂದು ಮೂವತ್ತು ಅಡಿ ಯಾವ ಲೆಕ್ಕ? ಮೇಲಿಂದ ಕೆಳತನಕ ಒಂದೇ ಸಮ, ಅಂಚು ನೇರ. ಆ ಶಾಟಿನಲ್ಲಿ ಕಣ್ಣಿಗೆ "ಇದು ಸ್ಟುಡಿಯೋ ದೀಪ ಅಲ್ಲ" ಅನ್ನಿಸೋದು ಇದಕ್ಕೇ. ಕಾರಣ ಗೊತ್ತಿಲ್ಲದ ಪ್ರೇಕ್ಷಕನ ಕಣ್ಣಿಗೂ ಅದು ಗೊತ್ತಾಗುತ್ತೆ.

ಬೆಳಕನ್ನು ಹೀಗೆ ಹಿಂಬಾಲಿಸೋದು ಸಿನಿಮಾದಷ್ಟೇ ಹಳೆಯದು. 1893ರಲ್ಲಿ ಅಮೆರಿಕದಲ್ಲಿ ಎಡಿಸನ್ ಕಟ್ಟಿಸಿದ ‘ಬ್ಲ್ಯಾಕ್ ಮರಾಯಾ’ ಅನ್ನುವ ಸ್ಟುಡಿಯೋದ ಮಾಡು ತೆರೆದುಕೊಳ್ಳುತ್ತಿತ್ತು. ಸೂರ್ಯ ಸರಿದ ಹಾಗೆ ಇಡೀ ಕಟ್ಟಡವನ್ನೇ ತಿರುಗಿಸುತ್ತಿದ್ದರು! ವಿದ್ಯುತ್ ದೀಪಗಳು ಬಂದ ಮೇಲೆ ಸಮಸ್ಯೆ ತಲೆಕೆಳಗಾಯಿತು. ಮೊದಲು ಬೆಳಕು ಸಾಲದು ಅನ್ನುವ ಚಿಂತೆ, ಆಮೇಲೆ ಎಲ್ಲಿ ಹಾಕಬಾರದು ಅನ್ನುವ ಚಿಂತೆ. 1915ರಲ್ಲಿ ಸೆಸಿಲ್ ಬಿ. ಡಿಮಿಲ್ ಒಂದು ಚಿತ್ರದಲ್ಲಿ ನಟರ ಅರ್ಧ ಮುಖ ಕತ್ತಲಲ್ಲಿಟ್ಟರು. ಅರ್ಧ ಮುಖ ತೋರಿಸಿದರೆ ಥಿಯೇಟರಿನವರು ಅರ್ಧ ದುಡ್ಡೇ ಕೊಡೋದು ಅಂತ ಕಂಪನಿಯ ಪಾಲುದಾರ ಗೋಳಿಟ್ಟರಂತೆ. ಇದು ರೆಂಬ್ರಾಂಟ್ ಲೈಟಿಂಗ್ ಅಂತ ಹೇಳಿ ಅಂದರಂತೆ ಡಿಮಿಲ್. ಚಿತ್ರಕಾರನ ಹೆಸರು ಕೇಳಿದ ಮೇಲೆ ಎರಡು ಪಟ್ಟು ದುಡ್ಡು ಸಿಕ್ಕಿತು ಅನ್ನೋದು ಕಥೆಯ ಬಾಲ. ಆ ಹೆಸರು ಇವತ್ತಿಗೂ ಪ್ರತಿ ಫೋಟೋಗ್ರಫಿ ತರಗತಿಯಲ್ಲಿದೆ.

ಫ್ಯಾಶನ್ ಫೋಟೋದ ಇತಿಹಾಸದಲ್ಲೂ ಇಂಥದ್ದೇ ಒಂದು ಕ್ಷಣ ಇದೆ. ಎಡ್ವರ್ಡ್ ಸ್ಟೈಕನ್ 1923ರಲ್ಲಿ ‘ವೋಗ್’ ಪತ್ರಿಕೆಯ ಕಂಪನಿಗೆ ಸೇರಿದಾಗ ಅವರಿಗೆ ವಿದ್ಯುತ್ ದೀಪದ ಅಭ್ಯಾಸವೇ ಇರಲಿಲ್ಲ, ಹಗಲು ಬೆಳಕಿನಲ್ಲಿ ಕೆಲಸ ಮಾಡಿ ಬಂದವರು. ಮೊದಲ ಶೂಟಿಂಗಿಗೆ ಹೋದರೆ ಎಲೆಕ್ಟ್ರಿಷಿಯನ್ ದೊಡ್ಡ ದೊಡ್ಡ ದೀಪ ಹಚ್ಚಲು ಕಾದು ನಿಂತಿದ್ದಾನೆ. ಸ್ಟೈಕನ್ ಒಂದಷ್ಟು ಬೆಡ್‌ಶೀಟ್ ತರಿಸಿ, ಮಡಿಕೆ ಹಾಕಿ ಆ ದೀಪಗಳಿಗೆ ಅಡ್ಡ ಹಿಡಿಸಿದರಂತೆ. ಆಮೇಲೆ ಕೆಲವೇ ವರ್ಷಗಳಲ್ಲಿ ಅದೇ ವಿದ್ಯುತ್ ದೀಪಗಳಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಈಗ ಮತ್ತೆ ನಮ್ಮ ಮೂರ್ತಿಯವರಿಗೆ. ಹುಟ್ಟಿದ್ದು 1923ರಲ್ಲಿ, ಮೈಸೂರಿನಲ್ಲಿ. ಪಿಟೀಲು ನುಡಿಸುತ್ತಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋಗಿಬಂದರು. ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಶುರುವಾದಾಗ ಅದರಲ್ಲಿ ಸಿನಿಮಾಟೋಗ್ರಫಿಯ ಕೋರ್ಸೂ ಇತ್ತು. ಸ್ವಲ್ಪ ಯೋಚಿಸಿ, ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಬಂದದ್ದು 1960ರಲ್ಲಿ. ಅದಕ್ಕೆ ಹದಿನೈದಕ್ಕೂ ಹೆಚ್ಚು ವರ್ಷ ಮೊದಲೇ ಮೈಸೂರು ಸಂಸ್ಥಾನ ಕ್ಯಾಮೆರಾ ಕೆಲಸವನ್ನು ಪಾಲಿಟೆಕ್ನಿಕ್‌ನಲ್ಲಿ ಕಲಿಸುತ್ತಿತ್ತು, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಜೊತೆಗೆ. ಮೂರ್ತಿ 1946ರಲ್ಲಿ ಡಿಪ್ಲೊಮಾ ಪಡೆದು ಹೊರಬಂದರು. ಕನ್ನಡಿಯ ಲೆಕ್ಕವೆಲ್ಲಾ ಅವರ ಕೈಗೆ ಬಂದದ್ದರಲ್ಲಿ ಆ ಓದಿನ ಪಾಲೂ ಇದ್ದೇ ಇರಬೇಕು ಅಂತ ನನ್ನ ಗುಮಾನಿ. ಪಾಲಿಟೆಕ್ನಿಕ್ ಅಂದರೆ ಮೂಗು ಮುರಿಯುವ ನಮ್ಮ ಬಿ.ಇ. ಪಂಗಡದವರು ಇದನ್ನೊಮ್ಮೆ ಓದಿಕೊಳ್ಳಬೇಕು.

ಮುಂಬಯಿಗೆ ಹೋಗಿ ಸಹಾಯಕರಾಗಿ ದುಡಿದರು. 1951ರಲ್ಲಿ ಗುರುದತ್ ತಮ್ಮ ಮೊದಲ ಚಿತ್ರ ‘ಬಾಝಿ’ ಮಾಡುವಾಗ ಕ್ಯಾಮೆರಾಮನ್ ವಿ. ರಾತ್ರಾ, ಅವರ ಸಹಾಯಕ ಮೂರ್ತಿ. ಒಂದು ಹಾಡಿನಲ್ಲಿ ಕನ್ನಡಿಯ ಪ್ರತಿಬಿಂಬದ ಜೊತೆ ಕ್ಯಾಮೆರಾ ಚಲಿಸುವ ಕಷ್ಟದ ಶಾಟ್ ಒಂದನ್ನು ಮೂರ್ತಿ ಸೂಚಿಸಿದರು. ರಾತ್ರಾ ದೊಡ್ಡ ಮನಸ್ಸು ಮಾಡಿ ನೀನೇ ತೆಗಿ ಅಂತ ಬಿಟ್ಟುಕೊಟ್ಟರು. ತೆಗೆದದ್ದು ನೋಡಿದ ಗುರುದತ್ ಮುಂದಿನ ಚಿತ್ರದಿಂದ ನೀವೇ ನನ್ನ ಕ್ಯಾಮೆರಾಮನ್ ಅಂದರು. ಮುಂದಿನ ಚಿತ್ರ ‘ಜಾಲ್’ (1952), ಆಮೇಲೆ ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’. ನೋಡಿ, ಅವರ ನಸೀಬು ಖುಲಾಯಿಸಿದ್ದೂ ಕನ್ನಡಿಯೇ.

ಅಂದ ಹಾಗೆ ಗುರುದತ್ ನಮ್ಮ ಕಡೆಯವರು ಅನ್ನೋದನ್ನು ಮಂಗಳೂರಿನಲ್ಲಿ ಕೂತು ಬರೆಯುವಾಗ ಬಿಡೋಕಾಗಲ್ಲ. ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ, ಚಿತ್ರಾಪುರ ಸಾರಸ್ವತರ ಮನೆಯಲ್ಲಿ. ಅಡ್ಡಹೆಸರು ಪಡುಕೋಣೆ. ಮರವಂತೆ ಕಡಲು ನೋಡೋಕೆ ಹೋಗ್ತೀರಲ್ಲ, ಅದರ ಪಕ್ಕದಲ್ಲೇ ಇರುವ ಊರು. ಬ್ಯಾಡ್ಮಿಂಟನ್‌ನ ಪ್ರಕಾಶ್, ಅವರ ಮಗಳು ದೀಪಿಕಾ, ಎಲ್ಲರ ಹೆಸರಿನಲ್ಲೂ ಇರುವ ಊರು ಅದೇ. ಐಶ್ವರ್ಯಾ ರೈ ಹುಟ್ಟಿದ್ದೂ ಮಂಗಳೂರಿನಲ್ಲೇ. ಫ್ಯಾಶನ್ ಲೋಕಕ್ಕೆ ನಾವು ಮುಖಗಳನ್ನು ಧಾರಾಳವಾಗಿ ಕೊಟ್ಟಿದ್ದೀವಿ. ಮುಖದ ಮೇಲೆ ಬೆಳಕು ಬಿಟ್ಟವರ ಹೆಸರು ಮಾತ್ರ ನೆನಪಿಟ್ಟುಕೊಂಡಿಲ್ಲ.

ಮೂರ್ತಿಯವರು ಹೀಗೆ ಗಟ್ಟಿ ಅಂಚಿನ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದ ಹೊತ್ತಿಗೇ ಕಲ್ಕತ್ತದಲ್ಲಿ ಇನ್ನೊಬ್ಬರು ಇದಕ್ಕೆ ತದ್ವಿರುದ್ಧದ ಕೆಲಸ ಮಾಡುತ್ತಿದ್ದರು. ಸುಬ್ರತೊ ಮಿತ್ರ. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ (1956) ಚಿತ್ರದ ಬನಾರಸ್ ಮನೆಯ ಅಂಗಳವನ್ನು ಸ್ಟುಡಿಯೋದೊಳಗೆ ಕಟ್ಟಬೇಕಾಯಿತು. ಮೇಲೆ ತೆರೆದ ಆಕಾಶ, ಕೆಳಗೆ ಸುತ್ತ ಮನೆ. ಅಂಥ ಅಂಗಳದಲ್ಲಿ ಬೆಳಕು ಎಲ್ಲಾ ಕಡೆಯಿಂದ ಮೆತ್ತಗೆ ಇಳಿಯುತ್ತೆ, ನೆರಳೇ ಬೀಳಲ್ಲ. ಸ್ಟುಡಿಯೋ ದೀಪ ಹಾಕಿದರೆ ಹತ್ತು ನೆರಳು! ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿ, ಬಟ್ಟೆಯಿಂದ ವಾಪಸು ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ಇವತ್ತು ಫೋಟೋ ಸ್ಟುಡಿಯೋಗಳಲ್ಲಿ ಛಾವಣಿಗೆ ಫ್ಲ್ಯಾಶ್ ಹೊಡೆಯೋದು, ಥರ್ಮೋಕೋಲ್ ಹಾಳೆ ಹಿಡಿಯೋದು ಎಲ್ಲಾ ಇದೇ ಸಂಸಾರ. ಒಬ್ಬರದು ನೆರಳೇ ಇಲ್ಲದ ಬೆಳಕು, ಇನ್ನೊಬ್ಬರದು ನೆರಳಿನಿಂದಲೇ ಮಾಡಿದ ಬೆಳಕು. ಹಾಲಿವುಡ್ಡಿನ ಹೆಸರು ಹೇಳದೆ ಲೈಟಿಂಗ್ ಪಾಠ ಪೂರ್ತಿ ಮುಗಿಸಬಹುದು ನಮ್ಮಲ್ಲಿ, ಮನಸ್ಸು ಮಾಡಿದರೆ.

ಈ ಎಲ್ಲಾ ಹಳೇ ಪುರಾಣಕ್ಕೆ ನಾನು ಬಿದ್ದದ್ದು ಒಬ್ಬ ಗೆಳತಿಯಿಂದ. ಅವಳಿಗೆ ಉಡುಪಿ ಸೀರೆಗಳ ಹುಚ್ಚು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥ ಕಡೆ ಉಳಿದುಕೊಂಡಿರುವ ಆ ಹತ್ತಿ ಸೀರೆಗಳನ್ನು ಇಟ್ಟುಕೊಂಡು ಒಂದು ಫ್ಯಾಶನ್ ಫೋಟೋಶೂಟ್ ಮಾಡಬೇಕು, ಅದು ಮಾಮೂಲಿ ಕ್ಯಾಟಲಾಗ್ ಥರ ಇರಬಾರದು ಅಂತ ಅವಳ ಆಸೆ. ಬಿಜೈಯಲ್ಲಿ ಬಾಡಿಗೆಗೆ ಒಂದು ಹಾಲ್. ಕಾಗದದ ಮೇಲೆ ಆರು ದೀಪಗಳ ಪ್ಲಾನ್ ಬರೆದುಕೊಂಡು ಬಂದಿದ್ದಳು. ಮುಂದೆ ಎರಡು, ಪಕ್ಕಕ್ಕೆ ಎರಡು, ಹಿಂದೆ ಗೋಡೆಗೆ ಎರಡು. "ನೀನು ಇಂಜಿನಿಯರ್ ಅಲ್ವಾ ಮಾರಾಯ, ನೀಟಾಗಿ ಡ್ರಾಯಿಂಗ್ ಮಾಡಿ ಕೊಡು" ಅಂದಳು.

ಡ್ರಾಯಿಂಗ್ ಮಾಡ್ತಾ ಮಾಡ್ತಾ ನನಗೆ ಕಂಡದ್ದು ಏನಂದ್ರೆ, ಆ ಆರು ದೀಪಗಳಲ್ಲಿ ಮೂರು ಇದ್ದದ್ದು ಇನ್ನು ಮೂರು ಮಾಡಿದ ನೆರಳನ್ನು ಅಳಿಸೋಕೆ. ಕೈಮಗ್ಗದ ಸೀರೆಯಲ್ಲಿ ಕಾಣಬೇಕಾದದ್ದು ನೇಯ್ಗೆ. ನೇಯ್ಗೆ ಕಾಣೋದು ಒಂದೊಂದು ಎಳೆಯ ಪಕ್ಕದಲ್ಲೂ ಒಂದು ಸಣ್ಣ ನೆರಳು ಬಿದ್ದಾಗ. ಬೆಳಕು ಬಟ್ಟೆಯ ಮೇಲೆ ಓರೆಯಾಗಿ, ಸವರಿಕೊಂಡು ಹೋದರೆ ಮಾತ್ರ ಆ ನೆರಳು ಬೀಳುತ್ತೆ. ಎದುರಿನಿಂದ ಇನ್ನೊಂದು ದೀಪ ಹೊಡೆದರೆ ಅದೂ ಹೋಯಿತು, ಪವರ್‌ಲೂಮ್ ಸೀರೆಗೂ ಇದಕ್ಕೂ ಫೋಟೋದಲ್ಲಿ ವ್ಯತ್ಯಾಸವೇ ಉಳಿಯಲ್ಲ. ನೇಕಾರರ ದುಡಿಮೆಯೆಲ್ಲಾ ಎರಡು ಫ್ಲ್ಯಾಶಿಗೆ ನೀರಿನಲ್ಲಿ ಹೋಮ.

ಗೋಡೆಯ ವಿಷಯವೂ ಅಷ್ಟೇ. ಬಿಳಿ ಗೋಡೆಯನ್ನು ಕಪ್ಪಾಗಿಸಲು ಬಣ್ಣ ಹೊಡೆಸಬೇಕಾ, ಪರದೆ ತರಬೇಕಾ ಅಂತ ಅವಳ ಚಿಂತೆ. ಆಗ ಉಪಯೋಗಕ್ಕೆ ಬಂದದ್ದು ಮೇಲೆ ಹೇಳಿದ ಒಂಬತ್ತನೇ ಒಂದರ ಲೆಕ್ಕ. ದೀಪದಿಂದ ಮಾಡೆಲ್ 3 ಅಡಿ, ಮಾಡೆಲ್‌ನಿಂದ ಗೋಡೆ 6 ಅಡಿ ಇದ್ದರೆ ಗೋಡೆ ದೀಪದಿಂದ 9 ಅಡಿ. ಅಲ್ಲಿಗೆ ತಲುಪೋದು ಒಂಬತ್ತನೇ ಒಂದು ಪಾಲು ಬೆಳಕು, ಕ್ಯಾಮೆರಾ ಭಾಷೆಯಲ್ಲಿ ಮೂರು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ ಕಡಿಮೆ. ಬಿಳಿ ಗೋಡೆ ತಾನಾಗಿ ಗಾಢ ಬೂದು ಆಗುತ್ತೆ, ಖರ್ಚಿಲ್ಲದೆ. ಮಾಡೆಲ್ಲನ್ನು ಇನ್ನೂ ಮುಂದಕ್ಕೆ ತಂದು ದೀಪವನ್ನೂ ಜೊತೆಗೇ ತಂದರೆ ಇನ್ನಷ್ಟು ಕಪ್ಪು. ಮೂರ್ತಿಯವರ ಚಿತ್ರಗಳನ್ನು ಫ್ರೇಮ್ ನಿಲ್ಲಿಸಿ ನಿಲ್ಲಿಸಿ ನೋಡಿದ್ದು ಆಗಲೇ. ‘ಪ್ಯಾಸಾ’ದ ಕೊನೆಯ ಭಾಗದಲ್ಲಿ ಕವಿ ವಿಜಯ್ ತನ್ನದೇ ಪುಣ್ಯತಿಥಿಯ ಸಭೆಗೆ ಬಂದು ಬಾಗಿಲಲ್ಲಿ ಕೈಚಾಚಿ ನಿಲ್ಲುತ್ತಾನಲ್ಲ, ಅಲ್ಲಿ ಬೆಳಕಿರೋದೆಲ್ಲಾ ಅವನ ಬೆನ್ನ ಹಿಂದೆ. ಮುಖ ಕಾಣಬೇಕು ಅಂತ ಮುಂದಿನಿಂದ ಒಂದು ದೀಪ ಹಾಕಿದ್ದರೆ ಆ ಶಿಲುಬೆಯ ಆಕಾರ ಇರುತ್ತಿತ್ತಾ? ಪ್ಲಾನ್ ಮಾಡೋದು ಅಂದರೆ ಸೇರಿಸೋದಲ್ಲ, ಕಳೆಯೋದು ಅಂತ ಅವಳಿಗೆ ಒಂದು ಭಾಷಣ ಬಿಗಿದೆ. ಸಾಫ್ಟ್‌ವೇರಿನಲ್ಲಿ ಕೋಡ್ ಅಳಿಸಿದ ದಿನವೇ ನಮಗೆ ಹೆಚ್ಚು ಖುಷಿ ಅಲ್ವಾ, ಹಾಗೆ.

ಆದರೆ ಈ ಕಳೆಯುವ ಲೆಕ್ಕದಲ್ಲಿ ಇನ್ನೊಂದು ಮುಖ ಇದೆ. ಅದು ಮೂರ್ತಿಯವರ ಇನ್ನೊಂದು ಪ್ರಸಿದ್ಧ ಕೆಲಸದಲ್ಲೇ ಇದೆ.

‘ಸಾಹಿಬ್ ಬೀಬಿ ಔರ್ ಗುಲಾಮ್’ (1962), ನಿರ್ದೇಶಕ ಅಬ್ರಾರ್ ಅಲ್ವಿ, ನಿರ್ಮಾಣ ಗುರುದತ್. ಅದರಲ್ಲಿ ಒಂದು ಮುಜ್ರಾ, ಆಶಾ ಭೋಂಸ್ಲೆ ಹಾಡಿದ್ದು. ನಡುವೆ ಮೀನೂ ಮುಮ್ತಾಜ್ ಕುಣಿಯುತ್ತಾರೆ, ಅವರ ಮೇಲೆ ಬೆಳಕು. ಸುತ್ತ ಕುಣಿಯುವ ಹುಡುಗಿಯರೆಲ್ಲಾ ಹಾಡಿನ ಆದಿಯಿಂದ ಅಂತ್ಯದವರೆಗೆ ನೆರಳಿನಲ್ಲೇ. ಕಪ್ಪು ಆಕೃತಿಗಳು ಮುಂದೆ ಹಾಯುತ್ತವೆ, ಹಿಂದೆ ಸುತ್ತುತ್ತವೆ, ಒಂದು ಮುಖವೂ ಕಾಣಲ್ಲ. ಅಷ್ಟು ಜನ ಕುಣಿಯುವಾಗ ಒಬ್ಬರ ಮೇಲೆ ಮಾತ್ರ ಬೆಳಕಿರಬೇಕು, ಅವರ ಬೆಳಕು ಒಂದಡಿ ಆಚೆ ಇರುವವರ ಮೇಲೆ ಬೀಳಬಾರದು ಅಂದರೆ ಎಷ್ಟು ಕಪ್ಪು ಬಟ್ಟೆ ಕಟ್ಟಿರಬೇಕು, ನೆಲದ ಮೇಲೆ ಎಷ್ಟು ಗುರುತು ಹಾಕಿರಬೇಕು ಯೋಚಿಸಿ. ಒಂದು ಹೆಜ್ಜೆ ತಪ್ಪಿದರೆ ಟೇಕ್ ಹಾಳು. ಹಿಂದಿ ಸಿನಿಮಾದಲ್ಲಿ ಸ್ಟುಡಿಯೋ ಲೈಟಿಂಗಿನ ಪ್ಲಾನ್ ಇದಕ್ಕಿಂತ ಬಿಗಿಯಾಗಿರುವ ಹಾಡು ನಾನು ಕಂಡಿಲ್ಲ. ಇವತ್ತಿನ ಯಾವ ಫ್ಯಾಶನ್ ಶೂಟೂ ಇದರ ಮುಂದೆ ಮಕ್ಕಳಾಟ.

ಯಾಕೆ ಹಾಗೆ ಮಾಡಿದರು ಅನ್ನೋದಕ್ಕೆ ಪ್ರಚಲಿತವಾಗಿರುವ ಕಥೆ ಏನು ಗೊತ್ತಾ? ಸಹನರ್ತಕಿಯರ ರೂಪ ಗುರುದತ್‌ಗೆ ಹಿಡಿಸಲಿಲ್ಲವಂತೆ. ಅವರನ್ನು ಬದಲಾಯಿಸೋಕಾಗಲ್ಲ, ಹಾಗಾದರೆ ಕತ್ತಲಲ್ಲಿಡಿ ಅಂದರಂತೆ. ಮೂರ್ತಿ ಇಟ್ಟರು, ಅದ್ಭುತವಾಗಿ ಇಟ್ಟರು.

ಮೊದಲ ಸಲ ಇದನ್ನು ಓದಿದಾಗ ವಾಹ್ ಅಂದೆ. ಕೊರತೆಯನ್ನೇ ಕಲೆ ಮಾಡಿದರಲ್ಲ ಅಂತ. ಹಾಡನ್ನು ನಾಲ್ಕನೇ ಸಲ ನೋಡುವಾಗ ಮೀನೂ ಮುಮ್ತಾಜ್ ಬಿಟ್ಟು ಬರೀ ಆ ನೆರಳುಗಳನ್ನೇ ನೋಡಿದೆ. ತಾಳ ತಪ್ಪುತ್ತಿಲ್ಲ. ಕೈಗಳ ತಿರುವು ಒಂದೇ ಸಮ. ದಿನಗೂಲಿಗೆ ಬಂದು, ಮೇಕಪ್ ಮಾಡಿಕೊಂಡು, ದಿನವಿಡೀ ಕುಣಿದು, ಸಿನಿಮಾ ಬಂದ ಮೇಲೆ ಮನೆಯವರನ್ನು ಕರೆದುಕೊಂಡು ಹೋಗಿ ಇದರಲ್ಲಿ ನಾನು ಯಾರು ಹೇಳಿ ಅಂತ ಕೇಳಿದವರೂ ಇದ್ದಿರಬಹುದಲ್ವಾ? ಹಾಡು ನನಗೆ ಈಗಲೂ ಇಷ್ಟವೇ. ಆದರೆ ಆ ವಾಹ್ ಮೊದಲಿನ ಹಾಗೆ ಬಾಯಿಗೆ ಬರಲ್ಲ.

ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. ಈಗ ಕತ್ತಲಲ್ಲಿಡೋದಿಲ್ಲ, ಬೆಳಕಿನಲ್ಲೇ ಅಳಿಸಿಬಿಡ್ತಾರೆ. ನನ್ನ ತಂಗಿಯ ಮದುವೆ ಆಲ್ಬಮ್ ತೆಗೆದು ನೋಡಿದರೆ ಅವಳು ನನ್ನ ತಂಗಿಯೇ ಅಲ್ಲ. ನಮ್ಮನೆಯವರದ್ದೆಲ್ಲಾ ಕಪ್ಪು ಬಣ್ಣ. ಫೋಟೋ ತೆಗೆದವರು ಎದುರಿನಿಂದ ಎರಡು ಸಾಫ್ಟ್‌ಬಾಕ್ಸ್ ಇಟ್ಟು, ಎಕ್ಸ್‌ಪೋಷರ್ ಏರಿಸಿ, ಮುಖವನ್ನು ಅಕ್ಕಿಹಿಟ್ಟು ಮಾಡಿದ್ದಾರೆ. ಡಿಜಿಟಲ್ ಫೋಟೋದಲ್ಲಿ ಒಂದು ಪಿಕ್ಸೆಲ್ಲಿನ ಬೆಲೆ 255 ತಲುಪಿತು ಅಂದರೆ ಮುಗಿಯಿತು, ಅಲ್ಲಿ ಇನ್ನು ಮಾಹಿತಿಯೇ ಇಲ್ಲ, ಬರೀ ಬಿಳಿ. ಅಮ್ಮನ ಹಾಗೇ ಇರುವ ಅವಳ ಕೆನ್ನೆಯ ಗುಳಿ ಆ 255ರಲ್ಲಿ ಎಲ್ಲೋ ಮುಳುಗಿಹೋಗಿದೆ. ಫೋಟೋಶಾಪ್‌ಗೂ ಅದನ್ನು ವಾಪಸು ತರೋಕಾಗಲ್ಲ. "ಚೆಂದ ಬಂದಿದೆ" ಅಂತ ನಮ್ಮ ಅತ್ತೆಯಂದಿರೆಲ್ಲಾ ಹೊಗಳಿದರು ಅನ್ನೋದೇ ಇನ್ನೂ ಬೇಜಾರು.

ನಮ್ಮ ಊರಿನಲ್ಲೇ ಇದಕ್ಕೆ ಬೇರೆ ವಿದ್ಯೆ ಇತ್ತು. ಯಕ್ಷಗಾನದ ವೇಷ ನೋಡಿ. ಕಿರೀಟದ ಬೇಗಡೆ, ಎದೆಪದಕ, ಮುಖದ ಮೇಲೆ ದಪ್ಪ ಗೆರೆ, ಇವೆಲ್ಲಾ ಹುಟ್ಟಿದ್ದು ದೀವಟಿಗೆಯ ಬೆಳಕಿಗೆ. ಉರಿ ಅಲ್ಲಾಡಿದಾಗ ಬೇಗಡೆ ಮಿಂಚುತ್ತೆ, ನಿಂತಾಗ ಆರುತ್ತೆ. ಬಣ್ಣದ ವೇಷ ಬರುವಾಗ ದೀವಟಿಗೆಗೆ ರಾಳ ಎಸೆದು ಭಗ್ಗನೆ ಬೆಂಕಿ ಏಳಿಸುತ್ತಿದ್ದರು. ಒಂದು ಕ್ಷಣ ರಾಕ್ಷಸನ ಮುಖ ಪೂರ್ತಿ ಕಾಣುತ್ತೆ, ಮರುಕ್ಷಣ ಅರ್ಧ. ಅಲ್ಲಿ ಬೆಳಕು ಒಬ್ಬರ ಸ್ವತ್ತಲ್ಲ, ಯಾರು ದೀವಟಿಗೆಯ ಹತ್ತಿರ ಕುಣಿಯುತ್ತಾ ಬರುತ್ತಾರೋ ಅವರದ್ದು. ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು. ಈಗಿನ ಫ್ಲಡ್‌ಲೈಟಿನಲ್ಲಿ ಎಲ್ಲರೂ ಎಲ್ಲಾ ಹೊತ್ತೂ ಒಂದೇ ಸಮ ಕಾಣುತ್ತಾರೆ, ಬೇಗಡೆ ಮಾತ್ರ ಬಣ್ಣದ ಕಾಗದದ ಹಾಗೆ ಕಾಣುತ್ತೆ. ಮೂರ್ತಿಯವರು ಯಕ್ಷಗಾನದಿಂದ ಕಲಿತರು ಅಂತ ನಾನು ಹೇಳ್ತಿಲ್ಲ, ಅವರು ಮೈಸೂರಿನವರು. ಕತ್ತಲನ್ನು ಲೆಕ್ಕಕ್ಕೆ ತೆಗೆದುಕೊಂಡು ಅಲಂಕಾರ ಮಾಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ ಅಂತ ಹೇಳಿದೆ ಅಷ್ಟೇ.

ಬಣ್ಣ ಬಂದ ಮೇಲೆ ಈ ಲೆಕ್ಕವೆಲ್ಲಾ ಇನ್ನೂ ಕಷ್ಟವಾಯಿತು. ‘ಚೌದವೀ ಕಾ ಚಾಂದ್’ (1960) ಕಪ್ಪುಬಿಳುಪು ಚಿತ್ರ, ಅದರ ಶೀರ್ಷಿಕೆ ಗೀತೆಯನ್ನು ಬಣ್ಣದಲ್ಲಿ ತೆಗೆದರು. ಬಣ್ಣದ ಫಿಲ್ಮಿಗೆ ಬೇಕಾದ ಬೆಳಕು ಬಹಳ ಜಾಸ್ತಿ, ದೀಪಗಳ ಶಾಖವೂ ಜಾಸ್ತಿ. ವಹೀದಾ ಅವರ ಕಣ್ಣು ಕೆಂಪಾಯಿತು. ಆ ಕೆಂಪು ಕಣ್ಣನ್ನು ನೋಡಿ ಸೆನ್ಸಾರಿನವರು ಇದು ಶೃಂಗಾರ ಜಾಸ್ತಿಯಾಯಿತು ಅಂತ ತಕರಾರು ತೆಗೆದರು ಅಂತ ವಹೀದಾ ಅವರೇ ನಗುತ್ತಾ ಹೇಳಿಕೊಂಡಿದ್ದಾರೆ. ದೀಪದ ಬಿಸಿಗೆ ಕೆಂಪಾದ ಕಣ್ಣು, ಶೃಂಗಾರ ಅಂತೆ! :-D

‘ಕಾಗಜ್ ಕೆ ಫೂಲ್’ ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು. ಗುರುದತ್ ಆಮೇಲೆ ನಿರ್ದೇಶಕ ಅಂತ ತಮ್ಮ ಹೆಸರು ಹಾಕಿಕೊಳ್ಳಲೇ ಇಲ್ಲ. 1964ರ ಅಕ್ಟೋಬರಿನಲ್ಲಿ ತೀರಿಕೊಂಡರು, ಇನ್ನೂ 39 ವರ್ಷ. ಮೂರ್ತಿಯವರಿಗೆ ‘ಕಾಗಜ್ ಕೆ ಫೂಲ್’ ಮತ್ತು ‘ಸಾಹಿಬ್ ಬೀಬಿ ಔರ್ ಗುಲಾಮ್’ ಎರಡಕ್ಕೂ ಫಿಲಂಫೇರ್ ಬಂದಿತ್ತು. ಗುರುದತ್ ಹೋದ ಮೇಲೂ ಕೆಲಸ ಮಾಡಿದರು. ಗೋವಿಂದ ನಿಹಲಾನಿ ಅವರಿಗೆ ಸಹಾಯಕರಾಗಿ ಕಲಿತವರು, ಅವರು ಓದಿದ್ದೂ ಅದೇ ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ. ಆಮೇಲೆ ನಿಹಲಾನಿ ನಿರ್ದೇಶಿಸಿದ ‘ತಮಸ್’ ಧಾರಾವಾಹಿಗೆ (1988) ಗುರುವೇ ಕ್ಯಾಮೆರಾ ಹಿಡಿದರು. ಶಿಷ್ಯನ ಕೈಕೆಳಗೆ ಗುರು ಕೆಲಸ ಮಾಡೋದು ನಮ್ಮ ಆಫೀಸುಗಳಲ್ಲಿ ನಡೆಯುವ ಮಾತಾ?

ಕನ್ನಡಕ್ಕೆ ಅವರು ಬಂದದ್ದು ಬಹಳ ತಡವಾಗಿ. 1993ರ ‘ಹೂವು ಹಣ್ಣು’, ತ್ರಿವೇಣಿ ಅವರ ಕಾದಂಬರಿ, ನಿರ್ದೇಶನ ರಾಜೇಂದ್ರಸಿಂಗ್ ಬಾಬು, ಮುಖ್ಯ ಪಾತ್ರದಲ್ಲಿ ಲಕ್ಷ್ಮಿ. ಆಗ ಮೂರ್ತಿಯವರಿಗೆ 70ರ ಹತ್ತಿರ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ 2010ರಲ್ಲಿ ಅವರ ಕೈಸೇರಿತು. ಅದುವರೆಗೆ ಆ ಪ್ರಶಸ್ತಿ ನಟರಿಗೆ, ನಿರ್ದೇಶಕರಿಗೆ, ನಿರ್ಮಾಪಕರಿಗೆ, ಗಾಯಕರಿಗೆ ಹೋಗಿತ್ತು. ಛಾಯಾಗ್ರಾಹಕರೊಬ್ಬರಿಗೆ ಸಿಕ್ಕಿದ್ದು ಅದೇ ಮೊದಲು. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು, 90 ವರ್ಷ. ಅವರು ಓದಿದ ಸಿನಿಮಾಟೋಗ್ರಫಿ ಕೋರ್ಸು ಪಾಲಿಟೆಕ್ನಿಕ್‌ನಿಂದ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಗೆ ಹೋಯಿತು.

‘ಸಾಹಿಬ್ ಬೀಬಿ’ಯ ಆ ಮುಜ್ರಾ ಹುಡುಕಿ ನೋಡಿ. ದೊಡ್ಡ ಪರದೆ ಇದ್ದರೆ ಒಳ್ಳೆಯದು, ಫೋನಿನಲ್ಲಿ ನೋಡಿದರೆ ಕಪ್ಪೆಲ್ಲಾ ಒಂದೇ ಮುದ್ದೆ. ಎರಡನೇ ಸಲ ನೋಡುವಾಗ ಮುಂದೆ ಬಲಗಡೆಯಿಂದ ಎಡಕ್ಕೆ ಹಾಯುವವರ ಕೈಗಳನ್ನು ಗಮನಿಸಿ. ಆ ನರ್ತಕಿಯರ ಹೆಸರುಗಳು ಎಲ್ಲಾದರೂ ಸಿಕ್ಕಿದರೆ ನನಗೊಂದು ಮಾತು ಹೇಳಿ.